ಹನ್ನೊಂದಕ್ಕೆ ಹನ್ನೊಂದು

ಆ ದಿನ ಕಚೇರಿಯಲ್ಲಿ ತಾನು ಆಡಿದ ಮಾತು ಒಟ್ಟು ಹದಿನಾಲ್ಕು, ಅದರಲ್ಲಿ ಹನ್ನೆರಡು ಬರೀ ‘ಹೂಂನ್ರಿ’ ಎಂದು ಅಕ್ಕಾತಾಯಿ ಡೈರಿಯಲ್ಲಿ ಬರೆದುಕೊಂಡಳು. ಉಳಿದ ಎರಡರಲ್ಲಿ ಒಂದು ‘ಇಲ್ರಿ’, ಇನ್ನೊಂದು ಸೀನು. ಸೀನನ್ನು ಮಾತಿನ ಸಾಲಿಗೆ ಸೇರಿಸಬಹುದೇ ಎಂದು ಮನೆಗೆ ಮರಳುವ ಗಾಡಿ ದೇಸೂರು ಸ್ಟೇಷನ್ ದಾಟುವವರೆಗೂ ಯೋಚಿಸಿ, ಸೇರಿಸಿದರೆ ತಪ್ಪಿಲ್ಲ ಎಂದು ತೀರ್ಮಾನಿಸಿದಳು. ಆಮೇಲೆ ಪಕ್ಕದಲ್ಲಿ ಕುಳಿತ ಹೆಂಗಸಿಗೆ ಕಾಣದಂತೆ ಅಂಗೈ ಮರೆ ಮಾಡಿ ಇನ್ನೊಂದು ಸಾಲು ಬರೆದಳು: ‘ಜನ ನನ್ನನ್ನು ಮೂಕಿ ಅಂದುಕೊಂಡರೆ ಚಿಂತೆಯಿಲ್ಲ. ಜಂಬದ ಹುಡುಗಿ ಅಂದುಕೊಂಡುಬಿಟ್ಟರೆ?’

ಇದು ೧೯೮೨ನೇ ಇಸವಿಯ ಜನವರಿ ತಿಂಗಳ ಮಾತು. ಅಕ್ಕಾತಾಯಿಗೆ ಇಪ್ಪತ್ತೆರಡು ವರ್ಷ. ಹೆಸರಿಗೆ ಮಾತ್ರ ಎಪ್ಪತ್ತು. ತೀರಿಹೋದ ಅಜ್ಜಿಯ ಹೆಸರನ್ನು ತೊಟ್ಟಿಲಲ್ಲೇ ಅವಳ ಮೇಲೆ ಹೊರಿಸಿದ್ದರು. ಇತಿಹಾಸದಲ್ಲಿ ಬಿ.ಎ. ಮುಗಿಸಿ, ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟಿನ ಹತ್ತಿರದ ಮನೆಯಲ್ಲಿ ಕುಳಿತು ದಿನಕ್ಕೆ ನಾಲ್ಕು ಪುಟ ಡೈರಿ ಬರೆಯುವುದೊಂದೇ ಅವಳ ಉದ್ಯೋಗವಾಗಿದ್ದಾಗ, ದೂರದ ಸಂಬಂಧದಲ್ಲಿ ಸೋದರಮಾವನಾಗಬೇಕಾದ ತವನಪ್ಪ ಬಂದು, “ಬರಿಯೂದು ಐತಲ್ಲ, ನಮ್ಮ ಸಂಘದಾಗ ಬಂದು ಬರಿ. ಮಾತಾಡೂ ಕೆಲಸಾ ನಮಗ ಬಿಡು” ಎಂದು ಖಾನಾಪುರಕ್ಕೆ ಕರೆದೊಯ್ದಿದ್ದ. ಬೆಳಗಿನ ಪ್ಯಾಸೆಂಜರಿನಲ್ಲಿ ಹೋಗುವುದು, ಸಂಜೆಯದರಲ್ಲಿ ಬರುವುದು. ಕೆಲಸವೆಂದರೆ ಬಂದ ಕಾಗದಕ್ಕೆ ನಂಬರು ಹಾಕುವುದು, ಸಭೆಯ ನಡಾವಳಿ ಬರೆಯುವುದು.

ಸಂಘವೆಂದರೆ ಮಂಡಕ್ಕಿ ಹುರಿಸುವವರ ಸಂಘ, ಖಾನಾಪುರದ ಚುರಮುರಿ ಭಟ್ಟಿ ಮಾಲಕರ ಸಂಘ. ಭಟ್ಟಿಗೊಬ್ಬರಂತೆ ಇಪ್ಪತ್ಮೂರು ಸದಸ್ಯರು. ಮೂವತ್ತು ವರ್ಷಗಳ ಹಿಂದೆ ಖಾನಾಪುರ, ನಂದಗಡ, ಬೈಲಹೊಂಗಲ, ಸಂಕೇಶ್ವರ ಮತ್ತು ಬೆಳಗಾವಿಯ ಭಟ್ಟಿಯವರು ಕೂಡಿ ಐದು ಪೇಟೆಗಳ ಒಕ್ಕೂಟ ಕಟ್ಟಿಕೊಂಡಿದ್ದರು. ಒಬ್ಬರ ಮಾಲು ಇನ್ನೊಬ್ಬರ ಪೇಟೆಯಲ್ಲಿ ತಕರಾರಿಲ್ಲದೆ ಮಾರಬಹುದು. ಎಲ್ಲರಿಗೂ ಒಂದೇ ದರ, ಒಂದೇ ಅಳತೆಯ ಚೀಲ. ಚೆನ್ನಾಗಿಯೇ ನಡೆದಿತ್ತು. ಹೋದ ದೀಪಾವಳಿಗೆ ಒಕ್ಕೂಟದ ಬೆಳಗಾವಿ ಕಚೇರಿಯವರು ಪೇಟೆಗೊಂದರಂತೆ ಹಿತ್ತಾಳೆಯ ಜರಡಿ ಕಳಿಸುವವರೆಗೆ. ಈ ಜರಡಿಯಲ್ಲಿ ನಿಂತದ್ದು ಚುರಮುರಿ, ಕೆಳಗೆ ಬಿದ್ದದ್ದು ನುಚ್ಚು ಎಂದು ಅವರ ಠರಾವು. ಖಾನಾಪುರದ ಅಕ್ಕಿ ಸಣ್ಣದು, ಅದರ ಚುರಮುರಿ ಇನ್ನೆಷ್ಟು ದೊಡ್ಡದಾದೀತು? ಭಟ್ಟಿಯಲ್ಲಿ ಮರಳು ಕಾಯಿಸಿ ಹುರಿಯುವ ಫಕೀರವ್ವ ಒಂದು ಬುಟ್ಟಿ ಮಾಲು ಸುರಿದು ಜಾಡಿಸಿದಳು. ಜರಡಿಯಲ್ಲಿ ನಿಂತದ್ದು ಅವಳ ಕೈಬಳೆಯ ಚೂರೊಂದೇ.

“ಯವ್ವಾ, ಇದೇನು ಜರಡಿನೋ ಕಿಟಕಿನೋ?” ಎಂದಳು ಫಕೀರವ್ವ.

ಅಂದಿನಿಂದ ಸಂಘದಲ್ಲಿ ಎರಡು ಗುಂಪು. ಒಕ್ಕೂಟ ಬಿಟ್ಟು ಹೊರಬಿದ್ದು ಗೋವಾ ಕಡೆಯ ವ್ಯಾಪಾರಸ್ಥರಿಗೆ ಮಾಲು ಕೊಡೋಣ ಎನ್ನುವವರಿಗೆ ತವನಪ್ಪ ಮುಂದಾಳು. ಬಿಟ್ಟರೆ ಬೆಳಗಾವಿಯ ಶನಿವಾರದ ಪೇಟೆ ಕೈತಪ್ಪುತ್ತದೆ, ಒಳಗಿದ್ದುಕೊಂಡೇ ಜರಡಿಯ ತೂತು ಸಣ್ಣದು ಮಾಡಿಸೋಣ ಎನ್ನುವವರಿಗೆ ಸಂಘದ ಅಧ್ಯಕ್ಷ ಗುರುಪಾದಪ್ಪ ಮುಂದಾಳು. ಕೊನೆಗೆ, ಒಕ್ಕೂಟ ಬಿಡಬೇಕೇ ಎಂಬುದನ್ನು ಮತ ಹಾಕಿ ತೀರಿಸಿಬಿಡೋಣ ಎಂದು ಜನವರಿಯ ಕೊನೆಯ ಗುರುವಾರ ಸಭೆ ಕರೆದರು.

ಆ ಸಂಘದ ಮತದಾನದ ರೀತಿ ಬೇರೆಲ್ಲೂ ಇರಲಾರದು. ಕಟ್ಟಿದ ಕಾಲಕ್ಕೆ ಅರ್ಧ ಮಂದಿಗೆ ಸಹಿ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಸದಸ್ಯನ ಕೈಗೆ ಹುರಿದು ಸಿಪ್ಪೆ ತೆಗೆದ ಒಂದು ಶೇಂಗಾಕಾಳು, ಒಂದು ಪುಠಾಣಿ, ಅಂದರೆ ಹುರಿಗಡಲೆ, ಕೊಡುವುದು. ‘ಹೌದು’ ಅನ್ನುವವ ಶೇಂಗಾವನ್ನು, ‘ಬೇಡ’ ಅನ್ನುವವ ಪುಠಾಣಿಯನ್ನು ಮುಷ್ಟಿ ಮುಚ್ಚಿ ಗಡಿಗೆಯೊಳಗೆ ಹಾಕಬೇಕು. ಹಾಕದೆ ಉಳಿದದ್ದನ್ನು ಅಲ್ಲೇ ನಿಂತು ಬಾಯಿಗೆ ಹಾಕಿಕೊಳ್ಳಬೇಕು. ಗುಟ್ಟು ಗುಟ್ಟಾಗಿಯೇ ಹೊಟ್ಟೆ ಸೇರಿತು. ಎಣಿಕೆ ಮುಗಿದ ಮೇಲೆ ಗಡಿಗೆಯ ಕಾಳನ್ನೆಲ್ಲ ಎಣ್ಣೆ-ಖಾರ ಕಲಸಿದ ಚುರಮುರಿಯ ಅಗಲವಾದ ಪರಾತಕ್ಕೆ ಸುರಿದು, ಗೆದ್ದವರೂ ಸೋತವರೂ ಒಂದೇ ಪರಾತದಲ್ಲಿ ಕೈಯಿಟ್ಟು ತಿಂದು ಏಳಬೇಕು. ಸಿಟ್ಟನ್ನು ಯಾರೂ ಮನೆಗೆ ಒಯ್ಯಬಾರದು ಎಂದು ಈ ಪದ್ಧತಿ ಹಾಕಿಕೊಟ್ಟವರು ಎಲ್ಲರಿಗಿಂತ ಹಿರಿಯರಾದ ಬಂಡೆಪ್ಪಜ್ಜ. ಅವರಿಗೀಗ ಎಪ್ಪತ್ತಾರು. ಸದಸ್ಯರಲ್ಲಿ ತವನಪ್ಪನೂ ಸೇರಿ ಎಂಟು ಮಂದಿ ಜೈನರು, ಅವರು ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಅವರಿಗಾಗಿ ಉಳ್ಳಾಗಡ್ಡಿಯನ್ನು ಬೇರೆ ತಾಟಿನಲ್ಲಿಡುವುದೂ, ಸೂರ್ಯ ಇರುವಾಗಲೇ ಮತ ಎಣಿಸಿ ತಿಂದು ಮುಗಿಸುವುದೂ ಮೂವತ್ತು ವರ್ಷದ ಪಾಠ.

ಆ ಗುರುವಾರ ತವನಪ್ಪನ ಭಾಷಣವೇ ಒಂದು ತಾಸು ಹಿಡಿಯಿತು. ಅದಕ್ಕೆ ಗುರುಪಾದಪ್ಪನ ಉತ್ತರ ಒಂದೂಕಾಲು ತಾಸು. ಗಡಿಗೆ ಹೊರಗೆ ಬರುವ ಹೊತ್ತಿಗೆ ಕಿಟಕಿಯ ಬಿಸಿಲು ಗೋಡೆ ಏರಿ ಕ್ಯಾಲೆಂಡರಿನ ಮೇಲೆ ಹೋಗಿ ಕುಳಿತಿತ್ತು.

“ಲಗೂನ ಲಗೂನ! ಹೊತ್ತು ಹೊಂಟೈತಿ!” ಎಂದು ತವನಪ್ಪ ಕೂಗಿದ.

“ಹೊತ್ತಿಗೆ ನೀ ಮಾತಾಡೂ ಮುಂದ ನೆನಪಿರಲಿಲ್ಲೇನು?” ಎಂದ ಗುರುಪಾದಪ್ಪ.

ಗಡಿಗೆ ಹಿಡಿದು ನಿಂತವಳು ಅಕ್ಕಾತಾಯಿ. ಒಬ್ಬೊಬ್ಬರೇ ಬಂದು ಮುಷ್ಟಿ ಇಳಿಸಿ, ಉಳಿದ ಕಾಳನ್ನು ಬಾಯಿಗೆಸೆದುಕೊಂಡು ಹೋದರು. ಕಡೆಯವರು ಬಂಡೆಪ್ಪಜ್ಜ. ಅವರಿಗೆ ಭಾಷಣದ ನಡುವೆಯೇ ಜೋಂಪು ಹತ್ತಿತ್ತು. ಅಣ್ಣನ ಮಗ ಬಾಳಪ್ಪ ಭುಜ ಅಲುಗಾಡಿಸಿ ಎಬ್ಬಿಸಿದ. ಎದ್ದು ಬಂದು, ಅಕ್ಕಾತಾಯಿಯ ಮುಖ ನೋಡಿ ಒಂದಿಷ್ಟು ನಕ್ಕು, ಕೈ ಗಡಿಗೆಯೊಳಗೆ ಇಳಿಸಿದರು. ಟಕ್ ಎಂದು ಸಪ್ಪಳವಾಯಿತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಹೋಗಿ ಕುಳಿತರು.

ಎಣಿಸುವ ಮೇಜು ಒಳಕೋಣೆಯಲ್ಲಿತ್ತು. ಸಭೆಯ ಹಾಲಿನಿಂದ ಅಲ್ಲಿಗೆ ಏಳು ಹೆಜ್ಜೆಯ ಕತ್ತಲೆ ಓಣಿ. ಬೆಳಿಗ್ಗೆ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಅಕ್ಕಾತಾಯಿಯ ಬುತ್ತಿ ಟಿಳಕವಾಡಿಯಲ್ಲೇ ಉಳಿದಿತ್ತು. ಇಡೀ ದಿನ ಎರಡು ಕಪ್ಪು ಚಹಾದ ಮೇಲೆ ನಡಾವಳಿ ಬರೆದವಳ ಮೂಗಿನ ಕೆಳಗೆ, ಫಕೀರವ್ವ ಬಿಸಿ ಮರಳಿನಲ್ಲಿ ಹದವಾಗಿ ಹುರಿದ ಕಾಳಿನ ವಾಸನೆ. ಮೂರನೇ ಹೆಜ್ಜೆಗೆ ಕೈ ಗಡಿಗೆಯೊಳಗೆ ಹೋಯಿತು. ಬುದ್ಧಿಗೆ ಸುದ್ದಿ ಮುಟ್ಟಿದ್ದು ಐದನೇ ಹೆಜ್ಜೆಗೆ. ಅಷ್ಟರಲ್ಲಿ ಹಲ್ಲು ತನ್ನ ಕೆಲಸ ಮುಗಿಸಿತ್ತು. ಮೇಲಿದ್ದ ಕಾಳು, ಶೇಂಗಾ. ಚೆನ್ನಾಗಿ ಹುರಿದದ್ದು.

ಶೇಂಗಾ ಹನ್ನೊಂದು. ಪುಠಾಣಿ ಹನ್ನೊಂದು.

“ಇಪ್ಪತ್ತೆರಡ ಆತಲ್ಲ. ಇನ್ನೊಂದೆಲ್ಲಿ?” ಎಂದು ಎಣಿಕೆ ಮುಗಿಸಿ ಹಾಲಿಗೆ ಬಂದ ಗುರುಪಾದಪ್ಪ ಕೇಳಿದ.

ಎಲ್ಲರೂ ಎಲ್ಲರ ಮುಖ ನೋಡಿದರು. ಬಂಡೆಪ್ಪಜ್ಜನ ದವಡೆ ಇನ್ನೂ ಆಡುತ್ತಿತ್ತು. ಬಾಯಿಯಲ್ಲಿ ಉಳಿದದ್ದು ಆರು ಹಲ್ಲು, ಅವೂ ಒಂದರ ಎದುರು ಒಂದಿಲ್ಲ. ಒಂದು ಪುಠಾಣಿ ಮುಗಿಯಲು ಕಾಲು ತಾಸು ಬೇಕು.

“ಅಯ್ಯ, ಮುದುಕಪ್ಪಾ ಎರಡೂ ತಿಂದಾನ!” ಎಂದು ಯಾರೋ ಹಿಂದಿನಿಂದ ಅಂದರು. ಹಾಲಿನ ತುಂಬ ನಗೆ.

“ನಾ ಹಾಕೇನ್ರೋ” ಎಂದರು ಬಂಡೆಪ್ಪಜ್ಜ.

“ನಿದ್ದಿಗಣ್ಣಾಗ ಹಾಕೀರಿ ಕಾಕಾ, ಗಡಿಗ್ಯಾಗಲ್ಲ, ಬಾಯಾಗ” ಎಂದ ಬಾಳಪ್ಪ.

ಅಕ್ಕಾತಾಯಿ ಬಾಯಿ ತೆರೆಯಬೇಕಿದ್ದದ್ದು ಆಗಲೇ. ತೆರೆದರೆ ಶೇಂಗಾದ ವಾಸನೆ ಬಂದೀತೆಂದು ಹೆದರಿ ತುಟಿ ಬಿಗಿದುಕೊಂಡಳು. ಅಷ್ಟರಲ್ಲಿ ತವನಪ್ಪ ಕಿಟಕಿ ನೋಡಿ, “ಮೊದಲು ತಿನ್ರಿ, ಆಮ್ಯಾಲೆ ಜಗಳಾಡೂಣು!” ಎಂದ. ಪರಾತ ಬಂತು. ಇಪ್ಪತ್ತೆರಡು ಮತಗಳೂ ಎರಡು ನಿಮಿಷದಲ್ಲಿ ಮಾಯವಾದವು. ಮತ್ತೆ ಎಣಿಸೋಣವೆಂದರೆ ಇನ್ನು ಏನನ್ನು ಎಣಿಸುವುದು?

ಅಲ್ಲಿಂದ ಶುರುವಾಯಿತು ಖಾನಾಪುರದ ಗ್ರಹಚಾರ. ಎಲ್ಲ ಸದಸ್ಯರೂ ಹಾಕದೆ ಮತದಾನ ಪೂರ್ತಿಯಾಗದು ಎಂದು ನಿಯಮ. ಹಾಗಾದರೆ ಮತ್ತೊಮ್ಮೆ ಹಾಕಬೇಕೋ ಬೇಡವೋ? ಅದನ್ನು ತೀರ್ಮಾನಿಸಲು ಫೆಬ್ರವರಿಯಲ್ಲಿ ಸಭೆ. ಬಂಡೆಪ್ಪಜ್ಜ ಬಂದು ಕುಳಿತರು, ಕಾಳು ಮಾತ್ರ ಮುಟ್ಟಲಿಲ್ಲ. “ಒಮ್ಮಿ ಹಾಕಿದ್ದನ್ನ ನೀವು ನಂಬೂದಿಲ್ಲ ಅಂದ್ರ ಇನ್ನೊಮ್ಮಿ ಯಾಕ ಹಾಕಲಿ?” ಎಂದರು. ಉಳಿದವರು ಹಾಕಿದರು: ಹನ್ನೊಂದಕ್ಕೆ ಹನ್ನೊಂದು. ಬಂಡೆಪ್ಪಜ್ಜನನ್ನು ಒತ್ತಾಯಿಸಬಹುದೇ ಎಂದು ಮಾರ್ಚಿನಲ್ಲಿ ಸಭೆ: ಹನ್ನೊಂದಕ್ಕೆ ಹನ್ನೊಂದು. ಸಭೆಯ ದಿನ ಬದಲಿಸಬಹುದೇ ಎಂಬುದಕ್ಕೂ ಅಷ್ಟೇ. ಗಡಿಗೆಯನ್ನು ಅಕ್ಕಾತಾಯಿ ಈಗ ಎರಡೂ ಕೈಯಲ್ಲಿ, ಮುಖದಿಂದ ದೂರ ಚಾಚಿ, ದೇವರ ಮೂರ್ತಿ ಒಯ್ದಂತೆ ಒಯ್ಯುತ್ತಿದ್ದಳು. ಸಭೆಯ ದಿನ ಎರಡು ಬುತ್ತಿ ತರುತ್ತಿದ್ದಳು.

ಬೆಳಗಾವಿಯ ವ್ಯಾಪಾರಿಗಳು, “ನೀವು ನಮ್ಮವರೋ ಅಲ್ಲೋ ಮೊದಲು ಹೇಳ್ರಿ, ಆಮ್ಯಾಲೆ ಚೀಲಾ ಕಳಸ್ರಿ” ಎಂದರು. ಗೋವಾ ಕಡೆಯವರು, “ನೀವು ಅವರನ್ನ ಬಿಟ್ರೋ ಇಲ್ಲೋ ಮೊದಲು ಹೇಳ್ರಿ” ಎಂದರು. ಹುರಿದ ಮಾಲು ಗೋಡಂಬಿ ಗಿಡಗಳ ಕೆಳಗಿನ ಶೆಡ್ಡುಗಳಲ್ಲಿ ಮೆತ್ತಗಾಗತೊಡಗಿತು. ಮಳೆ ಹಿಡಿಯುವ ಹೊತ್ತಿಗೆ ಇಪ್ಪತ್ಮೂರು ಭಟ್ಟಿಗಳಲ್ಲಿ ಹೊಗೆ ಆಡುತ್ತಿದ್ದದ್ದು ಒಂಬತ್ತರಲ್ಲಿ.

ಊರಿಗೆ ಊರೇ ಬೇಸತ್ತಿತು. ಬೇಸರ ಖಾನಾಪುರದಲ್ಲಿ ಚೇಷ್ಟೆಯಾಗಿಯೇ ಹೊರಬೀಳುವುದು. ಹೋಟೆಲಿನಲ್ಲಿ ಮಾಣಿ, “ಚಹಾ ಬೇಕ್ರೋ, ಇಲ್ಲಾ ಹನ್ನೊಂದಕ್ಕ ಹನ್ನೊಂದ್ರೋ?” ಎಂದು ಕೇಳುತ್ತಿದ್ದ. ನೋಡಿಹೋದ ವರ ಎರಡು ತಿಂಗಳಾದರೂ ಸುದ್ದಿ ಕೊಡದಿದ್ದರೆ, ಅವನು ಸಂಘದ ಸದಸ್ಯನೇನು ಎಂದು ವಿಚಾರಿಸುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ನಿಂತ ಗುರುಪಾದಪ್ಪನಿಗೆ ಕಂಡಕ್ಟರು ಮರಾಠಿಯಲ್ಲೂ ಕನ್ನಡದಲ್ಲೂ, “ಅಧ್ಯಕ್ಷರ, ಒಳಗ ಬರ್ರಿ, ಇಲ್ಲಾ ಕೆಳಗ ಇಳೀರಿ. ಬಾಗಲಾಗ ನಿಂತು ಐದು ತಿಂಗಳ ಆತು” ಎಂದು ಹೇಳಿ ಇಡೀ ಬಸ್ಸನ್ನು ನಗಿಸಿದ.

ಒಂದು ದಿನ ಫಕೀರವ್ವ ಮೂವತ್ತು ಹೆಂಗಸರನ್ನು ಕಟ್ಟಿಕೊಂಡು ಕಚೇರಿಗೇ ಬಂದಳು. ಕೈಯಲ್ಲಿ ಆ ಹಿತ್ತಾಳೆ ಜರಡಿ, ತೂತಿನ ಮೇಲೆ ಅರಿವೆ ಹಾಸಿ ಅದರ ತುಂಬ ಪುಠಾಣಿ-ಶೇಂಗಾ. ಗುರುಪಾದಪ್ಪನ ಮೇಜಿನ ಮೇಲೆ ಸುರಿದೇ ಬಿಟ್ಟಳು.

“ತಗೋರಿ, ಮತಾ ಕಡಿಮಿ ಬಿದ್ದಾವಂತಲ್ಲ. ಬೇಕಾದಷ್ಟು ಹಾಕ್ಕೋರಿ.”

“ಹಂಗಲ್ಲ ಫಕೀರವ್ವ, ಇದು ಧೋರಣೆದ ಪ್ರಶ್ನೆ ಐತಿ...”

“ಧೋರಣೆ ಹುರಿಯಾಕ ಬರತೈತೇನ್ರಿ ಯಪ್ಪಾ? ಬರತಿದ್ರ ಒಂದ ಬುಟ್ಟಿ ಕೊಡ್ರಿ, ಹುರದು ಕೊಡತೀನಿ. ಇರ್ರಿ ಇಲ್ಲಾ ಬಿಡ್ರಿ. ನೀವು ಏನ ಮಾಡಿದ್ರೂ ನಾವು ಹುರಿಯಾಕ ತಯಾರ ಅದೀವಿ. ಏನೂ ಮಾಡದಿದ್ರ ಏನ ಹುರಿಯೂಣು? ನಿಮ್ಮನ್ನ?”

ತವನಪ್ಪ ಬಾಯಿ ಮರೆ ಮಾಡಿ ನಕ್ಕ. ಫಕೀರವ್ವ ಅವನ ಕಡೆ ತಿರುಗಿ, “ನೀವೂ ಅದೀರಿ, ತಯಾರ ಇರ್ರಿ. ಹಂಚು ದೊಡ್ಡದೈತಿ” ಎಂದಳು.

ಅಕ್ಕಾತಾಯಿ ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡಳು. ಇನ್ನೊಂದನ್ನೂ ಬರೆದಳು, ಬಹಳ ಸಣ್ಣ ಅಕ್ಷರದಲ್ಲಿ: ಈ ಜಗ್ಗಾಟದಿಂದ ತೊಂದರೆಯಾಗದವರು ಇಡೀ ಊರಿನಲ್ಲಿ ಇಬ್ಬರೇ, ತವನಪ್ಪಮಾಮ ಮತ್ತು ಗುರುಪಾದಪ್ಪನವರು. ಮಾಮ ಈಗ ಶಾಲು ಹೊದೆಯಲು ಕಲಿತಿದ್ದ. ಗುರುಪಾದಪ್ಪನವರು ಮಾತುಕತೆಗೆಂದು ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ, ಬರುವಾಗ ಕುಂದಾ ತರುತ್ತಿದ್ದರು. ಇಬ್ಬರಿಗೂ ಹೋದಲ್ಲಿ ಕುರ್ಚಿ ಸಿಗುತ್ತಿತ್ತು. ತೀರ್ಮಾನವಾದರೆ ಇಬ್ಬರಲ್ಲೊಬ್ಬರು ಮತ್ತೆ ಬರೀ ಭಟ್ಟಿ ಮಾಲಕರಾಗಬೇಕು.

ಹೇಳಿಬಿಡಬೇಕು ಎಂದು ಅವಳಿಗೆ ಅನ್ನಿಸದಿದ್ದ ದಿನವಿಲ್ಲ. ಆದರೆ ಹೇಳಿದರೆ ಯಾರು ನಂಬುತ್ತಾರೆ? ತಿಂದದ್ದು ಶೇಂಗಾ, ಹಾಗೆಂದರೆ ಗೆದ್ದದ್ದು ತವನಪ್ಪ. ಸೋದರಸೊಸೆಯನ್ನು ಎಬ್ಬಿಸಿ ನಿಲ್ಲಿಸಿ ಸುಳ್ಳು ಹೇಳಿಸಿದ ಎಂದು ಗುರುಪಾದಪ್ಪನ ಕಡೆಯವರು ಕೂಗುತ್ತಾರೆ. ನಂಬಿದರೆ ಇನ್ನೂ ಕಷ್ಟ. ಮತ ತಿಂದ ಗುಮಾಸ್ತೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಟಿಳಕವಾಡಿಯಲ್ಲಿ ಕುಳಿತು ಮತ್ತೆ ದಿನಕ್ಕೆ ನಾಲ್ಕು ಪುಟ. ಬರೆಯುವುದಕ್ಕೂ ಏನೂ ಇರುವುದಿಲ್ಲ.

ಜುಲೈಯಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಎಡಗೈಯಿಂದ ಒಂದು ಕಾರ್ಡು ಬರೆದಳು: ‘ಬಂಡೆಪ್ಪನವರು ಅಂದು ಮತ ಹಾಕಿದ್ದು ನಿಜ. ಇಂತಿ, ಒಬ್ಬ ಹಿತೈಷಿ.’ ಬೆಳಗಾವಿ ಸ್ಟೇಷನ್ನಿನ ಡಬ್ಬಿಗೆ ಹಾಕಿದಳು. ಮೂರನೇ ದಿನ ಅದು ಖಾನಾಪುರಕ್ಕೆ, ಅವಳ ಮೇಜಿಗೇ ಬಂತು. ಬಲಗೈಯಿಂದ ಅದಕ್ಕೆ ನಂಬರು ಹಾಕಿ ಗುರುಪಾದಪ್ಪನ ಮುಂದಿಟ್ಟಳು.

“ಇದು ತವನಪ್ಪನ ಕಿತಾಪತಿ” ಎಂದ ಗುರುಪಾದಪ್ಪ.

“ನನ್ನ ಅಕ್ಷರ ಇಷ್ಟು ಕೆಟ್ಟ ಇಲ್ಲ. ಇದು ನಿಂದ” ಎಂದ ತವನಪ್ಪ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಅಕ್ಕಾತಾಯಿಯನ್ನು ಕೇಳಿದ: “ನೀ ಕಲತಾಕಿ, ನೀ ಹೇಳವಾ. ಇದು ಯಾರ ಕೈ?”

“ಎಡಗೈ ಇದ್ದಂಗೈತ್ರಿ” ಎಂದಳು ಅಕ್ಕಾತಾಯಿ. ಸುಳ್ಳೇನೂ ಹೇಳಲಿಲ್ಲ. ಊರಿನಲ್ಲಿದ್ದ ಒಬ್ಬನೇ ಎಡಚ, ಪಾಪದ ಪೋಸ್ಟ್‌ಮನ್ನು, ಎರಡು ದಿನ ವಿಚಾರಣೆ ಅನುಭವಿಸಿದ. ಕಾರ್ಡನ್ನು ನಂಬಬೇಕೋ ಬೇಡವೋ ಎಂದು ಆಗಸ್ಟಿನಲ್ಲಿ ಸಭೆ ಕೂಡಿತು. ಹನ್ನೊಂದಕ್ಕೆ ಹನ್ನೊಂದು.

ಈ ನಡುವೆ ಬಂಡೆಪ್ಪಜ್ಜ ಕಚೇರಿಗೆ ಬಂದು ಅವಳ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕುಳಿತುಕೊಳ್ಳುವುದು ಹೆಚ್ಚಾಯಿತು. ಮೊದಮೊದಲು ಸಿಟ್ಟಿನಲ್ಲಿರುತ್ತಿದ್ದರು. ಸಿಟ್ಟಿದ್ದಾಗ ಅಕ್ಕಾತಾಯಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಸಿಟ್ಟು ಇಳಿಯುತ್ತ ಬಂತು, ಅದರ ಜಾಗದಲ್ಲಿ ಬೇರೆ ಏನೋ ಬಂದು ಕುಳಿತುಕೊಂಡಿತು.

“ತಂಗಿ, ನಾ ಇಲ್ಲಿ ಬರೂ ಮುಂದ ಮನಿ ಚಿಲಕಾ ಹಾಕೇನೋ ಇಲ್ಲೋ?” ಎಂದು ಒಂದು ದಿನ ಕೇಳಿದರು.

ಅವಳಿಗೆ ಹೇಗೆ ಗೊತ್ತಾಗಬೇಕು? ಅದು ಅವರಿಗೂ ಹೊಳೆದು, ನಾಚಿ ನಕ್ಕರು.

“ಮೊದಲ ಹಿಂಗಿರಲಿಲ್ಲ. ಮನ್ನೆ ಉಂಡು ಎದ್ದ ಮ್ಯಾಲೆ ನಮ್ಮ ಮನಿಯಾಕಿ ಶಿವಲಿಂಗವ್ವನ್ನ ಕೇಳೀನಿ, ನಾ ಉಂಡೇನೇನ ಅಂತ. ಆಕಿ ಅಳಾಕ ಹತ್ತಿದ್ಲು. ಅಲ್ಲವಾ, ಆ ದಿನಾ ಕಾಳು ಗಡಿಗ್ಯಾಗ ಬಿದ್ದದ್ದು, ಟಕ್ ಅಂದದ್ದು, ಇನ್ನೂ ನನ್ನ ಕಿವ್ಯಾಗ ಐತಿ. ಇಪ್ಪತ್ತೆರಡ ಮಂದಿ ಇಲ್ಲಂತಾರ. ಇಪ್ಪತ್ತೆರಡ ಮಂದಿ ಸುಳ್ಳ ಹೇಳತಾರೇನು? ಹಂಗಾರ ನನ್ನ ಕಿವಿನ ಸುಳ್ಳ ಹೇಳತಿರಬೇಕು. ಕಿವಿ ಸುಳ್ಳಾದ್ರ ಇನ್ನೇನೇನ ಸುಳ್ಳೋ ಯಾರಿಗೆ ಗೊತ್ತು.”

ಅಕ್ಕಾತಾಯಿ ಆಗಲೇ ನಂಬರು ಹಾಕಿದ್ದ ಕಾಗದಕ್ಕೆ ಇನ್ನೊಮ್ಮೆ ನಂಬರು ಹಾಕಿದಳು.

“ಯಾವ ಕಾಳು ಹಾಕಿದ್ನಿ ಅನ್ನೂದು ಬ್ಯಾಡ, ಅದು ನನ್ನ ಗುಟ್ಟು. ಹಾಕಿದ್ನೋ ಇಲ್ಲೋ, ಅದೊಂದ ತಿಳದ್ರ ಸಾಕಾಗಿತ್ತ ನೋಡು” ಎಂದು ಎದ್ದು, ಬಾಗಿಲವರೆಗೆ ಹೋಗಿ, ಚಪ್ಪಲಿ ಹಾಕಿಕೊಂಡೇ ಬಂದಿದ್ದೆನೇ ಎಂದು ಕಾಲು ನೋಡಿಕೊಂಡರು. ಹಾಕಿಕೊಂಡೇ ಇದ್ದರು.

ಆ ಸಂಜೆ ಗಾಡಿಯಲ್ಲಿ ಅಕ್ಕಾತಾಯಿ ಡೈರಿ ತೆರೆದಳು. ಖಾನಾಪುರದಿಂದ ಟಿಳಕವಾಡಿಯವರೆಗೆ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಬಾಳಪ್ಪ ಒಂದು ದಾರಿ ಕಂಡುಹಿಡಿದ. ಕಾಕಾನಿಗೆ ಮರೆವು ಹತ್ತಿದೆ, ಸದಸ್ಯತ್ವ ತನ್ನ ಹೆಸರಿಗೆ ಬರಲಿ. ಇಪ್ಪತ್ಮೂರನೆಯ ಮತ ತಾನು ಹಾಕುತ್ತೇನೆ, ಜಗ್ಗಾಟ ಮುಗಿಯುತ್ತದೆ. ಒಂದು ದಿನ ತವನಪ್ಪನ ಮನೆಗೆ ಹೋಗಿ, “ನಂದು ನಿಮಗ” ಎಂದು ಕೈ ಮೇಲೆ ಕೈ ಇಟ್ಟ. ಮರುದಿನ ಗುರುಪಾದಪ್ಪನ ಮನೆಗೆ ಹೋಗಿ, “ನಂದು ನಿಮಗ” ಎಂದು ಕೈ ಮೇಲೆ ಕೈ ಇಟ್ಟ. ಇಬ್ಬರಿಗೂ ಏಕಕಾಲಕ್ಕೆ ಬಂಡೆಪ್ಪಜ್ಜನ ಆರೋಗ್ಯದ ಚಿಂತೆ ಹತ್ತಿಕೊಂಡಿತು.

ಸಭೆ ಕೂಡಿತು. ಠರಾವನ್ನು ತವನಪ್ಪ ಮಂಡಿಸಿದ, ಗುರುಪಾದಪ್ಪ ಅನುಮೋದಿಸಿದ. ಇಂಥ ದೃಶ್ಯ ಎಂಟು ತಿಂಗಳಲ್ಲಿ ಯಾರೂ ಕಂಡಿರಲಿಲ್ಲ. ಕಾಳು ಗಡಿಗೆ ಯಾವುದೂ ಬೇಕಾಗಲಿಲ್ಲ. ಇಪ್ಪತ್ತೆರಡು ಕೈಗಳೂ ಮೇಲೆದ್ದವು. ಬಾಗಿಲ ಹೊರಗೆ ನಿಂತಿದ್ದ ಫಕೀರವ್ವ ಮತ್ತು ಅವಳ ಪರಿವಾರ, ಒಳಗೆ ಏನಾಯಿತೆಂದು ಪೂರ್ತಿ ತಿಳಿಯದೆ, ಏನೋ ಒಂದು ಆಯಿತಲ್ಲ ಎಂದು ಚಪ್ಪಾಳೆ ತಟ್ಟಿದರು.

ಬಂಡೆಪ್ಪಜ್ಜ ಮುಂದಿನ ಸಾಲಿನಲ್ಲಿ ಕರಿ ಕೋಟು ಹಾಕಿಕೊಂಡು ಕುಳಿತಿದ್ದರು. ಕೋಟಿನ ಗುಂಡಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

“ನೀವೂ ಒಪ್ಪಿದೀರಲ್ಲರಿ ಅಜ್ಜಾರ?” ಎಂದ ಗುರುಪಾದಪ್ಪ, ದನಿಗೆ ಬೆಲ್ಲ ಬೆರೆಸಿ.

“ಎಲ್ಲಾರೂ ಹೇಳತೀರಿ ಅಂದ್ರ ಖರೇ ಇರಬೇಕ ಬಿಡ್ರಿ. ಎಲ್ಲಿ ಸಹಿ ಮಾಡೂದು ತೋರಸ್ರಿ.”

ಠರಾವನ್ನು ಎರಡು ಭಾಷೆಯಲ್ಲಿ ಓದಿದ ಮೇಲೆಯೇ ಸಹಿ. ಸದಸ್ಯರಲ್ಲಿ ಅರ್ಧ ಮಂದಿ ಮರಾಠಿ ಮನೆಯವರು. ಮೊದಲು ಮರಾಠಿ, ಆಮೇಲೆ ಕನ್ನಡ. ಅಕ್ಕಾತಾಯಿ ಎದ್ದು ನಿಂತು ಮರಾಠಿಯಲ್ಲಿ ಓದಿದಳು. ಎಲ್ಲೂ ಎಡವಲಿಲ್ಲ. ಕಣ್ಣು ಕಾಗದದಿಂದ ಎತ್ತಲಿಲ್ಲ. ತನ್ನ ದನಿ ಬೇರೆ ಯಾರದೋ ಮನೆಯ ರೇಡಿಯೊದಂತೆ ಅವಳಿಗೇ ಕೇಳಿಸಿತು. ಮುಗಿದಾಗ, ಓದಿಬಿಟ್ಟೆನಲ್ಲ ಎನ್ನಿಸಿತು.

“ಹ್ಞಾಂ, ಕನ್ನಡಾ ಓದಿ ಮುಗಿಸವಾ ಲಗೂನ. ಹೊತ್ತು ನೋಡು” ಎಂದ ತವನಪ್ಪ. ಗುರುಪಾದಪ್ಪ ಪೆನ್ನಿನ ಮುಚ್ಚಳ ತೆಗೆದು ಬಂಡೆಪ್ಪಜ್ಜನ ಬೆರಳುಗಳ ನಡುವೆ ಇಟ್ಟಿದ್ದ. ಬಾಳಪ್ಪ ಕಾಕಾನ ಪಕ್ಕದಲ್ಲಿ ಅವರ ಕುರ್ಚಿಯ ಕೈ ಹಿಡಿದು ನಿಂತಿದ್ದ, ಈಗಲೇ ಅದು ತನ್ನದಾದಂತೆ.

“‘ಸನ್ಮಾನ್ಯ ಸದಸ್ಯರಾದ ಬಂಡೆಪ್ಪನವರಿಗೆ ವಯೋಮಾನದಿಂದ ಮರೆವು ಉಂಟಾಗಿರುವುದರಿಂದಲೂ,’” ಎಂದು ಅಕ್ಕಾತಾಯಿ ಓದಿದಳು, “‘ಜನವರಿಯ ಸಭೆಯಲ್ಲಿ ತಾವು ಮತ ಹಾಕದೆ ಎರಡೂ ಕಾಳನ್ನು ತಿಂದುದನ್ನು ಅವರು ಸ್ವತಃ...’”

ಅಲ್ಲಿ ನಿಂತಳು.

“‘ಒಪ್ಪಿಕೊಂಡಿರುವುದರಿಂದಲೂ,’” ಎಂದು ಗುರುಪಾದಪ್ಪ ನೆನಪು ಮಾಡಿಕೊಟ್ಟ. “ಓದವಾ.”

ಅವಳು ಕಾಗದದಿಂದ ಕಣ್ಣೆತ್ತಿದಳು. ಬಂಡೆಪ್ಪಜ್ಜ ಅವಳನ್ನೇ ನೋಡುತ್ತಿದ್ದರು. ಮುಂದಿನ ಮಾತು ತಾನು ಮರೆತದ್ದೇನೋ, ಈ ಹುಡುಗಿ ಹೇಳಿದರೆ ನೆನಪಾದೀತೇನೋ ಎಂಬ ಹಾಗೆ ತುಸು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಹಾಲಿನಲ್ಲಿ ಇಪ್ಪತ್ತೆರಡು ಮಂದಿ. ಬಾಗಿಲಲ್ಲಿ ಮೂವತ್ತು ಹೆಂಗಸರು. ಮಾಮ ಕಿಟಕಿಯ ಬಿಸಿಲು ನೋಡುತ್ತಿದ್ದ. ಅಕ್ಕಾತಾಯಿ ಠರಾವಿನ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ದನಿ ಹೊರಬಂದಾಗ, ಬಾಗಿಲ ಹೊರಗಿನವರಿಗೂ ಕೇಳುವಷ್ಟು ದೊಡ್ಡದಾಗಿತ್ತು.

“ಅಜ್ಜಾರ, ನಿಮಗ ಮರವು ಬಂದಿಲ್ರಿ. ನೀವು ಹಾಕಿದ್ದನ್ನ ನಾ ಕಣ್ಣಾರೆ ನೋಡೇನಿ. ಗಡಿಗಿ ಒಳಗ ಒಯ್ಯೂ ಮುಂದ ಆ ಕಾಳು ತಿಂದಾಕಿ ನಾನ.”